ಟರ್ಬೊ ಸತ್ತಿದ್ದರೆ ಕೊಂದವರನ್ನು ಹುಡುಕು

ನಿನ್ನೆ ರಾತ್ರಿ ಫೋನ್ ಮಾಡಿ "ಮಾವ, ಟರ್ಬೊ ಹೋಗಿದೆಯಂತೆ, ಹೊಸದು ಹಾಕಬೇಕಂತೆ" ಅಂದೆಯಲ್ಲ, ಆ "ಅಂತೆ"ಯೇ ನನಗೆ ನಿದ್ದೆ ಹತ್ತಗೊಡಲಿಲ್ಲ. ಯಾರು ನೋಡಿದರು? ಏನು ನೋಡಿದರು? ಬಾನೆಟ್ ಎತ್ತಿ ಎಷ್ಟು ಹೊತ್ತು ನಿಂತಿದ್ದರು? ನೀನು ಹೇಳಿದ್ದು ಇಷ್ಟೇ. ಹದಿನಾಲ್ಕು ವರ್ಷದ ಡೀಸೆಲ್ ಕಾರು, ಮಂಗಳೂರಿನೊಳಗೆ ಚೆನ್ನಾಗಿಯೇ ಓಡುತ್ತದೆ. ಗುಂಡ್ಯ ದಾಟಿ ಘಾಟಿ ಹತ್ತುವಾಗ ನಡುವೆ ಎಲ್ಲೋ ಒಮ್ಮೆಲೇ ಉಸಿರು ಕಟ್ಟಿದ ಹಾಗಾಗಿ ಎಳೆಯುವುದನ್ನು ಬಿಡುತ್ತದೆ. ಪಕ್ಕಕ್ಕೆ ನಿಲ್ಲಿಸಿ ಕೀ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗದವರ ಹಾಗೆ ಹೊರಡುತ್ತದೆ. ಮಾರಾಯ, ಸತ್ತ ಟರ್ಬೊ ಕೀ ತಿರುಗಿಸಿದರೆ ಎದ್ದು ಕೂರುತ್ತದೆಯೆ?

ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಡಬೇಡ. ಮೊದಲು ಇದನ್ನು ಓದು.

ಸಕಲೇಶಪುರದಲ್ಲಿ ನಲವತ್ತು ವರ್ಷ ಗ್ಯಾರೇಜು ನಡೆಸಿದವನು ನಾನು. ಕೆಳಗಿನಿಂದ ಶಿರಾಡಿ ಘಾಟಿ ಹತ್ತಿ ಸುಸ್ತಾಗಿ ಬಂದ ಗಾಡಿಗಳೇ ನನ್ನ ಅನ್ನ. ಸಪಾಟು ರಸ್ತೆಯಲ್ಲಿ ವರ್ಷಗಟ್ಟಲೆ ಮುಚ್ಚಿಕೊಂಡಿದ್ದ ಕಾಯಿಲೆಯನ್ನು ಘಾಟಿ ಅರ್ಧ ಗಂಟೆಯಲ್ಲಿ ಹೊರಗೆ ಹಾಕುತ್ತದೆ. ಹಾಗೆ ಬಂದವರಲ್ಲಿ ಹೆಚ್ಚಿನವರು ಹೇಳುತ್ತಿದ್ದುದು ನೀನು ಹೇಳಿದ್ದನ್ನೇ, ಟರ್ಬೊ ಹೋಯಿತು ಎಂದು. ಬಿಚ್ಚಿ ನೋಡಿದರೆ ನಿಜಕ್ಕೂ ಹೋಗಿದ್ದು ಕಡಿಮೆ. ಹೋಗಿದ್ದಲ್ಲೂ ಅದು ತಾನಾಗಿ ಹೋಗಿದ್ದು ಇನ್ನೂ ಕಡಿಮೆ. ದುಬಾರಿ ಸಾಮಾನು, ದೊಡ್ಡ ಹೆಸರು, ಬಾನೆಟ್ ತೆಗೆದರೆ ಕೆಂಪಗೆ ತುಕ್ಕು ಹಿಡಿದು ಎದುರಿಗೇ ಕಾಣುತ್ತದೆ. ಊರಲ್ಲಿ ಏನು ಕಳುವಾದರೂ ಒಬ್ಬನನ್ನೇ ಹಿಡಿದು ತರುತ್ತಾರಲ್ಲ, ಹಾಗೆ.

ಟರ್ಬೊದ ಕೆಲಸವನ್ನು ಸರಿಯಾಗಿ ತಿಳಿದುಕೋ. ಎಂಜಿನ್ ಬಿಟ್ಟ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಬಿಸಾಡುವ ಹೊಗೆಯಿಂದ ಹೀಗೆ ಕೆಲಸ ತೆಗೆಯಬಹುದೆಂದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ ಪೇಟೆಂಟ್ ಪಡೆದದ್ದು 1905ರಲ್ಲಿ. ನಿನ್ನ ಕಾರಿನಂಥ ಸಣ್ಣ ಎಂಜಿನ್ನಿನಲ್ಲಿ ಆ ಶಾಫ್ಟು ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು ತಿರುಗುತ್ತದೆ. ಹೊಗೆಯ ಕಡೆ ಏಳೆಂಟು ನೂರು ಡಿಗ್ರಿ ಶಾಖ. ಇಷ್ಟೆಲ್ಲಕ್ಕೂ ಒಳಗೆ ಬಾಲ್ ಬೇರಿಂಗ್ ಇರುತ್ತದೆಂದು ತಿಳಿಯಬೇಡ. ಹೆಚ್ಚಿನವುಗಳಲ್ಲಿ ಬರೀ ಬುಷ್ ಇರುತ್ತದೆ, ಅದರ ಸುತ್ತ ಎಣ್ಣೆಯ ಪೊರೆ. ಶಾಫ್ಟು ತೇಲುವುದು ಎಣ್ಣೆಯ ಮೇಲೆ.

ಅದಕ್ಕೆ ಸ್ವಂತದ್ದು ಅಂತ ಏನೂ ಇಲ್ಲ, ನೋಡು. ಹೊಗೆ ಎಂಜಿನ್ನಿನದು, ಎಣ್ಣೆ ಎಂಜಿನ್ನಿನದು, ಗಾಳಿ ಫಿಲ್ಟರಿನಿಂದ ಬರಬೇಕು. ಮೂರೂ ಎರವಲು. ಮೂರರಲ್ಲಿ ಯಾವುದು ಕೈಕೊಟ್ಟರೂ ಜನರ ಕಣ್ಣಿಗೆ ಕಾಣುವುದು ಟರ್ಬೊದ ತಪ್ಪೇ.

ಕೀ ಆಫ್ ಮಾಡಿ ಆನ್ ಮಾಡಿದರೆ ಯಾಕೆ ಸರಿಹೋಗುತ್ತದೆ? ಕಾರಿನ ಕಂಪ್ಯೂಟರು ಇಷ್ಟು ಒತ್ತಡ ಬೇಕು ಎಂದು ಕೇಳುತ್ತದೆ, ಎಷ್ಟು ಸಿಕ್ಕಿತೆಂದು ಸೆನ್ಸರ್ ಹೇಳುತ್ತದೆ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಕೆಲವು ಸೆಕೆಂಡು ತಾಳೆಯಾಗದಿದ್ದರೆ ಎಂಜಿನ್ ಉಳಿಸಿಕೊಳ್ಳಲು ಡೀಸೆಲ್ ಕಡಿತ ಮಾಡಿ ಗಾಡಿಯನ್ನು ಕುಂಟಿಸುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಹೊಸ ಲೆಕ್ಕ. ಹಳೆಯ ಲೆಕ್ಕ ಕೋಡಾಗಿ ಒಳಗೆ ಉಳಿದಿರುತ್ತದೆ. ಸ್ಕ್ಯಾನರ್ ಹಾಕಿದಾಗ ಪಿ0299 ಬಂದರೆ ಒತ್ತಡ ಸಾಲಲಿಲ್ಲ, ಪಿ0234 ಬಂದರೆ ಹೆಚ್ಚಾಯಿತು ಎಂದರ್ಥ. ಇವೆರಡೂ ತದ್ವಿರುದ್ಧ, ಗೊತ್ತಾಯಿತೆ? ಓಡಿಸುವವನಿಗೆ ಮಾತ್ರ ಎರಡೂ ಒಂದೇ ರೀತಿ ಅನಿಸುತ್ತದೆ, "ಪಿಕಪ್ ಹೋಯಿತು" ಎಂದು. ನಿನ್ನ ಗ್ಯಾರೇಜಿನವರು ಯಾವ ಕೋಡು ಬಂತೆಂದು ಹೇಳಿದರೇ? ಕೇಳು. ಕೋಡು ಹೇಳದೆ ಟರ್ಬೊ ಬರೆದುಕೊಟ್ಟರೆ ಅದು ನಾಡಿ ಹಿಡಿಯದೆ ಕೊಟ್ಟ ಔಷಧ. ಕೋಡು ಹೇಳಿದ ಮಾತ್ರಕ್ಕೂ ಮುಗಿಯಲಿಲ್ಲ. "ಒತ್ತಡ ಸಾಲದು" ಅಂದರೆ ಮಗು ಅಳುತ್ತಿದೆ ಎಂದ ಹಾಗೆ. ಯಾಕೆ ಅಳುತ್ತಿದೆ ಎಂದು ನೋಡುವುದು ನಮ್ಮ ಕೆಲಸ.

ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಕೊನೆಗೆ ಕೈ ಹಾಕಿದ್ದು ಯಾರು? ನಾಲ್ಕು ತಿಂಗಳ ಹಿಂದೆ ನೀನು ಈ ಗಾಡಿಯನ್ನು ಪುತ್ತೂರಿನಿಂದ ತಂದೆ. ಆಮೇಲೆ ಸರ್ವೀಸ್ ಮಾಡಿಸಿದೆಯಾ? ಏರ್ ಫಿಲ್ಟರ್ ಬದಲಿಸಿದರಾ? ಫಿಲ್ಟರ್ ಡಬ್ಬಿಯ ಒಂದು ಕ್ಲಿಪ್ಪು ಸರಿಯಾಗಿ ಕೂರದಿದ್ದರೂ ಸಾಕು, ಕ್ಲಾಂಪು ಒಂದು ಸುತ್ತು ಸಡಿಲವಿದ್ದರೂ ಸಾಕು. ಸರ್ವೀಸಿನ ಮರುವಾರ ಶುರುವಾದ ತೊಂದರೆಗೆ ಕಾರಣ ಸರ್ವೀಸಿನಲ್ಲೇ ಇರುವುದು ಜಾಸ್ತಿ.

ಎರಡನೆಯದು ಡಿಪ್‌ಸ್ಟಿಕ್. ನಗಬೇಡ. ಸಮ ನೆಲದಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಎಳೆದು ನೋಡು. ಕಡಿಮೆಯಿದ್ದರೆ ಎಲ್ಲಿ ಹೋಯಿತೆಂದು ಹುಡುಕಬೇಕು. ಮೇಲಿನ ಗೆರೆ ಮೀರಿದ್ದರೆ ಖುಷಿ ಪಡಬೇಡ. ಬೆರಳಿಗೆ ಹಚ್ಚಿ ಮೂಸು. ಡೀಸೆಲ್ ವಾಸನೆ ಬಂದರೆ ಇಂಜೆಕ್ಟರಿನಿಂದಲೋ ಪಂಪಿನಿಂದಲೋ ಡೀಸೆಲ್ ಎಣ್ಣೆಗೆ ಇಳಿಯುತ್ತಿದೆ. ತೆಳುವಾದ ಎಣ್ಣೆ ಎರಡು ಲಕ್ಷ ಸುತ್ತಿನ ಶಾಫ್ಟನ್ನು ತೇಲಿಸುವುದಿಲ್ಲ.

ಇನ್ನು ಹೋಸುಗಳು. ಇಲ್ಲಿ ಅವಸರ ಮಾಡಬೇಡ, ಅರ್ಧ ಕಾಯಿಲೆ ಇಲ್ಲೇ ಇರುತ್ತದೆ. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸುಗಳು ಹದಿನಾಲ್ಕು ವರ್ಷದ ಬಿಸಿಗೆ, ಎಣ್ಣೆಗೆ ಒಡೆಯುತ್ತವೆ. ಒಡೆಯುವುದು ಕಣ್ಣಿಗೆ ಬೀಳುವ ಕಡೆಯಲ್ಲ. ಕ್ಲಾಂಪಿನ ಅಡಿ, ಬಗ್ಗಿದ ಕಡೆ, ಕೆಳಮುಖದಲ್ಲಿ. ಗಾಡಿ ನಿಂತಿದ್ದಾಗ ಆ ಬಿರುಕು ತುಟಿ ಮುಚ್ಚಿಕೊಂಡಿರುತ್ತದೆ. ಘಾಟಿಯಲ್ಲಿ ಒತ್ತಡ ಏರಿದಾಗ ಮಾತ್ರ ಬಾಯಿ ತೆರೆಯುತ್ತದೆ, "ಸುಯ್" ಅನ್ನುತ್ತದೆ, ಹಿಂದೆ ಕಪ್ಪು ಹೊಗೆ ಹಾಕುತ್ತದೆ. ಅಳೆದ ಗಾಳಿಯಲ್ಲಿ ಒಂದಿಷ್ಟು ಹೊರಗೆ ಹೋಯಿತು, ಡೀಸೆಲ್ ಪೂರ್ತಿ ಬಿತ್ತು, ಇನ್ನೇನಾಗುತ್ತದೆ? ಹಾಗಾಗಿ ನಿಲ್ಲಿಸಿಕೊಂಡು ರೇಸ್ ಕೊಟ್ಟು ಕಿವಿಗೊಟ್ಟರೆ ಏನೂ ಸಿಗುವುದಿಲ್ಲ. ಕೈಯಿಂದ ಹಿಂಡಿ, ಬಗ್ಗಿಸಿ, ಕನ್ನಡಿ ಹಿಡಿದು ಅಡಿಯನ್ನು ನೋಡಬೇಕು. ಜೋಡಣೆಯ ಸುತ್ತ ಎಣ್ಣೆ ಹತ್ತಿದ ಧೂಳು ಮೆತ್ತಿಕೊಂಡಿದ್ದರೆ ಗಾಳಿ ಅಲ್ಲಿಂದಲೇ ಹೋಗುತ್ತಿದೆ.

ಇದಕ್ಕೆ ನಾನು ಮಾಡಿಕೊಂಡಿದ್ದ ಸಾಧನ ಹೇಳುತ್ತೇನೆ. ಪ್ಲಂಬರ್ ಅಂಗಡಿಯ ಪಿವಿಸಿ ಮುಚ್ಚಳ, ಅದಕ್ಕೊಂದು ತೂತು ಕೊರೆದು ಟ್ಯೂಬ್‌ಲೆಸ್ ಟಯರಿನ ವಾಲ್ವು. ಟರ್ಬೊ ಗಾಳಿ ಎಳೆಯುವ ಬಾಯಿಗೆ ಆ ಮುಚ್ಚಳ ಸಿಕ್ಕಿಸಿ ಕ್ಲಾಂಪು ಹಾಕಿ ಗಾಳಿ ತುಂಬುವುದು, ಹೋಸಿನ ಮೇಲೆಲ್ಲ ಸೋಪಿನ ನೀರು ಹಚ್ಚುವುದು. ಗುಳ್ಳೆ ಎದ್ದ ಕಡೆ ಕಳ್ಳ. ಆದರೆ ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ಹಾಗೇ ಬಿಡಬೇಡ. ಅರ್ಧ ಬಾರ್, ಬಹಳ ಎಂದರೆ ಒಂದು ಬಾರ್. ಅದಕ್ಕಿಂತ ಮೇಲೆ ಹೋದರೆ ಇಲ್ಲದ ತೂತನ್ನು ನೀನೇ ಮಾಡಿದ ಹಾಗಾಗುತ್ತದೆ.

ಹೋಸು ಬಿಚ್ಚಿದಾಗ ಒಳಗೆ ತೆಳ್ಳಗೆ ಎಣ್ಣೆ ಸವರಿದ್ದು ಕಂಡರೆ ಗಾಬರಿಯಾಗಬೇಡ. ಎಂಜಿನ್ನಿನ ಒಳಗಿನ ಆವಿಯನ್ನು ಬ್ರೀದರ್ ಪೈಪಿನ ಮೂಲಕ ಟರ್ಬೊದ ಬಾಯಿಗೇ ಬಿಟ್ಟಿರುತ್ತಾರೆ, ಅದರ ಜಿಡ್ಡು ಅದು. ಈ ಜಿಡ್ಡನ್ನು ಬೆರಳಿನಲ್ಲಿ ತೋರಿಸಿ ಟರ್ಬೊ ಮಾರುವವರಿದ್ದಾರೆ. ಹೋಸು ಬಗ್ಗಿಸಿದಾಗ ಎಣ್ಣೆ ಸುರಿದು ನೆಲಕ್ಕೆ ಬಿದ್ದರೆ ಮಾತು ಬೇರೆ.

ಆಮೇಲೆ ಇಲಿ. ಮಳೆಗಾಲದಲ್ಲಿ ನಮ್ಮ ಕಡೆ ಬೆಚ್ಚಗಿನ ಎಂಜಿನ್ನಿನಷ್ಟು ಸುಖದ ಮನೆ ಇಲಿಗೆ ಬೇರೆ ಇಲ್ಲ. ಬೆರಳಿಗಿಂತ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ಕಡಿದು ಹಾಕುತ್ತದೆ. ನಿನ್ನ ಗಾಡಿಯದು ವೇರಿಯಬಲ್ ಟರ್ಬೊ ಅಂದೆಯಲ್ಲ, ಅದರೊಳಗೆ ಹೊಗೆಯ ದಾರಿಯನ್ನು ಕಿರಿದು ಮಾಡುವ, ಅಗಲ ಮಾಡುವ ಎಲೆಗಳಿರುತ್ತವೆ. ಬಹಳಷ್ಟು ಹಳೆಯ ಕಾರುಗಳಲ್ಲಿ ಅವನ್ನು ಆಡಿಸುವುದು ಈ ವ್ಯಾಕ್ಯೂಮೇ. ಪೈಪು ಸೋರಿದರೆ ಎಲೆ ಆಡುವುದಿಲ್ಲ, ಒತ್ತಡ ಬರುವುದಿಲ್ಲ. ಯಾರನ್ನಾದರೂ ಒಳಗೆ ಕೂರಿಸಿ ಸ್ಟಾರ್ಟ್ ಮಾಡಿಸು, ನೀನು ಟಾರ್ಚ್ ಹಿಡಿದು ಆಕ್ಚುಯೇಟರಿನ ಕಡ್ಡಿಯನ್ನು ನೋಡು. ಸ್ಟಾರ್ಟ್ ಆದ ಕೂಡಲೇ ಅದು ಎಳೆದುಕೊಳ್ಳಬೇಕು, ಆಫ್ ಮಾಡಿದರೆ ನಿಧಾನಕ್ಕೆ ಹಿಂದಕ್ಕೆ ಬರಬೇಕು. ಆಡದಿದ್ದರೆ ಪೈಪು, ಸೊಲೆನಾಯ್ಡ್, ಆಕ್ಚುಯೇಟರಿನ ರಬ್ಬರು ಎಂದು ಒಂದೊಂದಾಗಿ ಹಿಂದಕ್ಕೆ ಹೋಗು. ಬ್ರೇಕ್ ಪೆಡಲ್ ಕೂಡ ಮೊದಲಿಗಿಂತ ಗಟ್ಟಿಯಾಗಿದೆಯಾ? ಬ್ರೇಕ್ ಬೂಸ್ಟರಿಗೂ ಇದಕ್ಕೂ ವ್ಯಾಕ್ಯೂಮ್ ಕೊಡುವ ಪಂಪು ಸಾಮಾನ್ಯವಾಗಿ ಒಂದೇ. ಎರಡೂ ಒಟ್ಟಿಗೆ ಸೋತಿದ್ದರೆ ಪಂಪಿನ ಕಡೆಗೇ ನಡೆ, ಅದನ್ನು ಸರಿ ಮಾಡುವ ತನಕ ಘಾಟಿಗೆ ಗಾಡಿ ತರಬೇಡ.

ಕಡ್ಡಿ ಆಡುತ್ತದೆ, ಆದರೆ ತಡೆದು ತಡೆದು ಆಡುತ್ತದೆ ಎಂದರೆ ಒಳಗೆ ಎಲೆಗಳಿಗೆ ಮಸಿ ಕಟ್ಟಿದೆ. ಊರೊಳಗೆ ಮೆಲ್ಲಗೆ, ಎಂಜಿನ್ ಬಿಸಿಯಾಗುವ ಮೊದಲೇ ಆಫೀಸು ತಲುಪುವ ಗಾಡಿಗಳಿಗೆ ಇದು ಬರುತ್ತದೆ. ಆಗ ಘಾಟಿಯಲ್ಲಿ ಎಲೆ ಸಕಾಲಕ್ಕೆ ತೆರೆಯದೆ ಒತ್ತಡ ಮಿತಿ ಮೀರುತ್ತದೆ, ಪಿ0234. ನಿನ್ನ ಲಕ್ಷಣ ಕೇಳಿದರೆ ನನ್ನ ಅನುಮಾನ ಇದರ ಮೇಲೋ ಇಲಿಯ ಮೇಲೋ ಇದೆ. ಬಿಚ್ಚಿ ಮಸಿ ತೆಗೆದರೆ ಎಷ್ಟೋ ಸಲ ಸರಿಹೋಗುತ್ತದೆ. ಕಡ್ಡಿಯ ತುದಿಯ ಸ್ಕ್ರೂ ತಿರುಗಿಸಿ "ಪಿಕಪ್ ಜಾಸ್ತಿ ಮಾಡಿಕೊಡ್ತೀನಿ" ಅನ್ನುವವನ ಕೈಗೆ ಮಾತ್ರ ಗಾಡಿ ಕೊಡಬೇಡ.

ಒಂದು ಮಾತು, ಎಲ್ಲ ಟರ್ಬೊ ಹೀಗಿರುವುದಿಲ್ಲ. ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್ ಎಂಜಿನ್ ನೋಡು, ಸ್ವಿಫ್ಟ್‌ನಲ್ಲೂ ಅದೇ, ಪುಂಟೊದಲ್ಲೂ ಅದೇ, ಇಂಡಿಕಾ ವಿಸ್ಟಾದಲ್ಲೂ ಅದೇ. ಆದರೆ 75 ಹಾರ್ಸ್‌ಪವರಿನದಕ್ಕೆ ಎಲೆಯಿಲ್ಲದ ಸಾದಾ ಟರ್ಬೊ, 90ರದಕ್ಕೆ ವೇರಿಯಬಲ್. ಸಾದಾದರಲ್ಲಿ ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಇರುತ್ತದೆ, ಅದರ ಕಡ್ಡಿ ಆಡುವ ಲೆಕ್ಕವೇ ಬೇರೆ. ಗೆಳೆಯನ ಕಾರಿನಲ್ಲಿ ಕಂಡದ್ದನ್ನು ನಿನ್ನ ಕಾರಿಗೆ ಹಚ್ಚುವ ಮುಂಚೆ ಎರಡೂ ಒಂದೇ ಜಾತಿಯೇ ಎಂದು ನೋಡಿಕೋ.

ಸೆನ್ಸರ್ ಸುಳ್ಳು ಹೇಳುತ್ತಿದೆಯೆ ಎಂದು ತಿಳಿಯಲು ಖರ್ಚಿಲ್ಲದ ಉಪಾಯವಿದೆ. ಕೀ ಆನ್, ಎಂಜಿನ್ ಆಫ್. ಸ್ಕ್ಯಾನರಿನಲ್ಲಿ ಒತ್ತಡದ ಸೆನ್ಸರ್ ಎಷ್ಟು ತೋರಿಸುತ್ತದೆ ನೋಡು. ಟರ್ಬೊ ತಿರುಗುತ್ತಿಲ್ಲವಾದ್ದರಿಂದ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರದ ಪಕ್ಕ ನೀನಿರುವಲ್ಲಿ 100, 101 ಕಿಲೋಪಾಸ್ಕಲ್. ಒಂಬೈನೂರು ಮೀಟರಿಗೂ ಮೇಲಿರುವ ಸಕಲೇಶಪುರದಲ್ಲಿ ಅದೇ ಸೆನ್ಸರು ಹತ್ತಿರ ಹತ್ತಿರ 90 ತೋರಿಸಬೇಕು. ಅಲ್ಲೂ ಇಲ್ಲೂ ಒಂದೇ ಅಂಕಿ ತೋರಿಸಿದರೆ, ಅಥವಾ ಮಂಗಳೂರಿನಲ್ಲಿ 115 ಅಂದರೆ, ಅದರ ಬಾಯಿಗೆ ಮಸಿ ಕಟ್ಟಿದೆ, ಇಲ್ಲವೇ ಅದು ಕೆಟ್ಟಿದೆ. ಬಿಚ್ಚಿ ಒರೆಸಿದರೆ ಕೆಲವೊಮ್ಮೆ ಅಷ್ಟಕ್ಕೇ ಮುಗಿಯುತ್ತದೆ. ಮೇಲಕ್ಕೆ ಬಂದಂತೆ ಗಾಳಿ ನೂರಕ್ಕೆ ಹತ್ತು ಪಾಲು ತೆಳ್ಳಗಾಗುತ್ತದೆ ಎಂಬುದನ್ನೂ ನೆನಪಿಡು. ಅಷ್ಟನ್ನು ತುಂಬಿಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಕೆಳಗೆ ಹೇಗೋ ನಡೆದುಹೋಗುತ್ತಿದ್ದ ಸಣ್ಣ ಸೋರಿಕೆ ಘಾಟಿಯ ತಲೆಯಲ್ಲಿ ತಡೆಯದೆ ಹೋಗುವುದಕ್ಕೆ ಇದೂ ಒಂದು ಕಾರಣ.

ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ಬಿಡುವ ಇಜಿಆರ್ ವಾಲ್ವು ತೆರೆದೇ ಸಿಕ್ಕಿಕೊಂಡರೂ ಕಪ್ಪು ಹೊಗೆ, ಎಳೆತವಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿದರೂ ಎಳೆತವಿಲ್ಲ, ಆದರೆ ಹೊಗೆ ಇರುವುದಿಲ್ಲ. ಆಗ ಒತ್ತಡವೂ ಕಡಿಮೆಯೇ ತೋರಿಸುತ್ತದೆ, ಒಲೆ ಉರಿಯದೆ ಹೊಗೆ ಎಲ್ಲಿಂದ ಬರಬೇಕು, ಹೊಗೆಯಿಲ್ಲದೆ ಟರ್ಬೊ ಹೇಗೆ ತಿರುಗಬೇಕು? ಸೈಲೆನ್ಸರ್ ಕಡೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿದ್ದರೂ ಇದೇ ಕತೆ. ಪೆಟ್ರೋಲ್ ಟರ್ಬೊ ಇಟ್ಟುಕೊಂಡ ನಿನ್ನ ಆ ಸ್ನೇಹಿತನಿಗೆ ಬೇರೆ ಮಾತು: ಏರಿನಲ್ಲಿ ಜರ್ಕ್ ಹೊಡೆದರೆ ಮೊದಲು ಸ್ಪಾರ್ಕ್ ಪ್ಲಗ್ಗು, ಕಾಯಿಲ್ಲು ನೋಡಲಿ. ಒತ್ತಿ ತುಂಬಿದ ಗಾಳಿಯೊಳಗೆ ಕಿಡಿ ಹಾರುವುದು ಕಷ್ಟ, ಸವೆದ ಪ್ಲಗ್ಗು ಸಪಾಟಿನಲ್ಲಿ ಸುಮ್ಮನಿದ್ದು ಏರಿನಲ್ಲಿ ಮಾನ ಕಳೆಯುತ್ತದೆ.

ಇಷ್ಟೆಲ್ಲ ಆದ ಮೇಲೆ ಟರ್ಬೊ ಮುಟ್ಟು. ಎಂಜಿನ್ ಆಫ್ ಆಗಿ ಪೂರ್ತಿ ತಣ್ಣಗಾಗಿರಬೇಕು. ಗಾಳಿಯ ಕಡೆಯ ಹೋಸು ಬಿಚ್ಚಿ ಬೆರಳಿನಿಂದ ಚಕ್ರ ತಿರುಗಿಸು. ಹಗುರವಾಗಿ ತಿರುಗಬೇಕು. ಅಕ್ಕಪಕ್ಕಕ್ಕೆ ಒಂದಿಷ್ಟು ಅಲುಗಾಡುತ್ತದೆ, ಅದು ಎಣ್ಣೆಯ ಪೊರೆಗೆ ಬಿಟ್ಟ ಜಾಗ, ತಪ್ಪಲ್ಲ. ಹಿಂದಕ್ಕೆ ಮುಂದಕ್ಕೆ ಎಳೆದರೆ ಕೈಗೆ ಗೊತ್ತಾಗುವಷ್ಟು ಆಡಬಾರದು. ರೆಕ್ಕೆ ಗೋಡೆಗೆ ತಾಗಿದ ಗುರುತಿರಬಾರದು. ರೆಕ್ಕೆಯ ತುದಿ ಇಲಿ ಕಡಿದ ಹಾಗೆ ಮುಕ್ಕಾಗಿದ್ದರೆ ಹರಿದ ಏರ್ ಫಿಲ್ಟರಿನಿಂದ ಏನೋ ಒಳಗೆ ಹೋಗಿದೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ನಿಮ್ಮಮ್ಮನಿಗೂ ಗೊತ್ತಿಲ್ಲ. ಹದಿನೈದು ವರ್ಷದ ಹಿಂದಿರಬೇಕು. ಬಾಡಿಗೆ ಗಾಡಿ ಓಡಿಸುವ ಒಬ್ಬರು ನೀಲಿ ಹೊಗೆ ಹಾಕಿಕೊಂಡು ಬಂದರು. ನೋಡಿದೆ, ಶಾಫ್ಟು ಲೊಡಲೊಡ ಅನ್ನುತ್ತಿತ್ತು. ಟರ್ಬೊ ನಿಜವಾಗಿಯೂ ಹೋಗಿತ್ತು. ಹೊಸದು ತರಿಸಿ ಹಾಕಿದೆ, ಎಣ್ಣೆ ಬದಲಿಸಿದೆ, ಕಳುಹಿಸಿದೆ. ಹನ್ನೊಂದನೆಯ ದಿನ ವಾಪಸ್ ಬಂದರು, ಅದೇ ಹೊಗೆ. ನಾನು ಅಂಗಡಿಯವನ ಜೊತೆ ಜಗಳವಾಡಿ, ಡೂಪ್ಲಿಕೇಟ್ ಮಾಲು ಕೊಟ್ಟೆ ಎಂದು ಬೈದು, ಇನ್ನೊಂದು ತಂದು ಹಾಕಿದೆ. ಅದು ಇನ್ನೂ ಬೇಗ ಹೋಯಿತು. ಅವರು ಏನೂ ಅನ್ನಲಿಲ್ಲ. ಕೀ ತಂದು ನನ್ನ ಮೇಜಿನ ಮೇಲಿಟ್ಟು ಬಸ್ಸು ಹತ್ತಿ ಹೋದರು. ಆಗ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಕೇಳಿದ, "ಸಾರ್, ಅದಕ್ಕೆ ಎಣ್ಣೆ ಬರ್ತಾ ಇದೆಯಾ?" ಎಣ್ಣೆ ಪೈಪು ಬಿಚ್ಚಿ ಬಾಯಿಟ್ಟು ಊದಿದೆ. ಗಾಳಿ ಆಚೆ ಹೋಗಲಿಲ್ಲ. ಒಳಗೆಲ್ಲ ಎಣ್ಣೆ ಸುಟ್ಟು ಇದ್ದಿಲಾಗಿ ಸೂಜಿ ತೂರುವಷ್ಟು ಜಾಗ ಉಳಿದಿತ್ತು. ಸಂಪ್ ಇಳಿಸಿದರೆ ಅಲ್ಲಿನ ಜಾಲರಿಯಲ್ಲೂ ಅದೇ ಮಸಿ. ಆ ಮಸಿಯ ಮೂಲ ಹುಡುಕಿದರೆ ಇಂಜೆಕ್ಟರಿನ ಕೆಳಗಿನ ತಾಮ್ರದ ವಾಷರು ಸೋರುತ್ತಿತ್ತು. ಒಂದು ವಾಷರು ಮೂರು ಟರ್ಬೊ ತಿಂದಿತ್ತು, ಅದರಲ್ಲಿ ಎರಡು ನನ್ನ ಕಣ್ಣೆದುರೇ. ಮೂರನೆಯ ಟರ್ಬೊದ ದುಡ್ಡು ನಾನೇ ಹಾಕಿದೆ. ಅವರ ಒಂದು ತಿಂಗಳ ಬಾಡಿಗೆಯನ್ನು ಎಲ್ಲಿಂದ ತಂದು ಕೊಡಲಿ? ಆ ಪೈಪು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಹಾಗಾಗಿ ಟರ್ಬೊ ಬದಲಿಸಲೇಬೇಕಾಗಿ ಬಂದರೆ ಮೆಕ್ಯಾನಿಕ್ಕನ್ನು ಒಂದೇ ಮಾತು ಕೇಳು, "ಹಳೆಯದು ಯಾಕೆ ಹೋಯಿತು?" ಉತ್ತರವಿಲ್ಲದಿದ್ದರೆ ಹೊಸದನ್ನು ಬಿಚ್ಚಿಸಬೇಡ. ಎಣ್ಣೆ ಬರುವ ಪೈಪು ಹೊಸದೇ ಇರಲಿ. ವಾಪಸ್ ಹೋಗುವ ಪೈಪು, ಬ್ರೀದರ್ ತೆರೆದಿರಲಿ. ವಾಪಸ್ ಹೋಗುವ ದಾರಿ ಕಟ್ಟಿದರೆ ಒಳ್ಳೆಯ ಟರ್ಬೊ ಕೂಡ ಎಣ್ಣೆ ಉಗುಳುತ್ತದೆ. ಎಣ್ಣೆಯ ಜೋಡಣೆಗೆ ಸಿಲಿಕಾನ್ ಪೇಸ್ಟ್ ಮೆತ್ತಲು ಬಿಡಬೇಡ, ಅದರ ಚೂರೇ ನಾಳೆ ಅಡ್ಡ ಕೂರುತ್ತದೆ. ಕೂರಿಸಿದ ಮೇಲೆ ಎಣ್ಣೆಯ ತೂತಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಎಂಜಿನ್ ಹೊತ್ತಿಕೊಳ್ಳದಂತೆ ಮಾಡಿ, ಎಣ್ಣೆಯ ಕೆಂಪು ದೀಪ ಆರುವ ತನಕ ಸೆಲ್ಫ್ ಹೊಡೆಸಿ, ಆಮೇಲೆ ಸ್ಟಾರ್ಟ್ ಮಾಡಲಿ. ರೇಸ್ ಕೊಡುವುದು ಬೇಡ.

ಹೆದರಿಸಲು ಹೇಳುತ್ತಿಲ್ಲ, ಆದರೆ ಗೊತ್ತಿರಲಿ. ಟರ್ಬೊದ ಸೀಲು ಪೂರ್ತಿ ಹೋದರೆ, ಇಲ್ಲವೇ ಎಣ್ಣೆ ಅತಿಯಾಗಿದ್ದರೆ, ಡೀಸೆಲ್ ಎಂಜಿನ್ ತನ್ನ ಎಣ್ಣೆಯನ್ನೇ ಕುಡಿದು ಹುಚ್ಚು ಹಿಡಿದ ಹಾಗೆ ರೇಸ್ ಆಗಬಹುದು. ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ, ಯಾಕೆಂದರೆ ಅದು ಓಡುತ್ತಿರುವುದು ಡೀಸೆಲಿನಲ್ಲಲ್ಲ. ಗೇರಿನ ಗಾಡಿಯಾದರೆ ಬ್ರೇಕನ್ನು ಬಲವಾಗಿ ಒತ್ತಿ, ದೊಡ್ಡ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸು. ಆಗದಿದ್ದರೆ ಎಲ್ಲರನ್ನೂ ಇಳಿಸಿ ದೂರ ನಿಲ್ಲು. ಗಾಳಿಯ ಬಾಯಿಗೆ ಕೈ ಅಡ್ಡ ಹಿಡಿಯುವ ಧೈರ್ಯ ಮಾತ್ರ ಬೇಡ.

ಬಿಡದಿಯಿಂದ 2005ರಲ್ಲಿ ಬರಲು ಶುರುವಾದ ಇನ್ನೋವಾಗಳಲ್ಲಿ ನಾಲ್ಕು ಲಕ್ಷ ಕಿಲೋಮೀಟರ್ ಮೊದಲ ಟರ್ಬೊದಲ್ಲೇ ಮುಗಿಸಿದವನ್ನು ನಾನು ನೋಡಿದ್ದೇನೆ. ಅವುಗಳ ಡ್ರೈವರುಗಳಲ್ಲಿ ವಿಶೇಷ ವಿದ್ಯೆಯೇನೂ ಇರಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಕೂಡಲೇ ತುಳಿಯುತ್ತಿರಲಿಲ್ಲ. ಘಾಟಿ ಹತ್ತಿ ಬಂದು ಹೋಟೆಲಿನ ಮುಂದೆ ನಿಲ್ಲಿಸಿದರೆ, ಜನ ಇಳಿಯುವಷ್ಟು ಹೊತ್ತು ಎಂಜಿನ್ ಓಡಲು ಬಿಡುತ್ತಿದ್ದರು. ಕಾದ ಶಾಫ್ಟಿನ ಸುತ್ತ ಎಣ್ಣೆ ನಿಂತರೆ ಅಲ್ಲೇ ಸುಡುತ್ತದೆ, ನನ್ನ ಡ್ರಾಯರಿನ ಪೈಪಿನಂತೆ. ನೀರಿನಿಂದ ತಂಪಾಗುವ ಹೊಸ ಟರ್ಬೊಗಳಿಗೆ ಇದು ಅಷ್ಟು ಬೇಡ, ನಿನ್ನಂಥ ಹಳೆಯದಕ್ಕೆ ಒಂದು ನಿಮಿಷ ಕೊಡು. ಎಣ್ಣೆ ಪುಸ್ತಕದಲ್ಲಿ ಬರೆದ ಗ್ರೇಡಿನದೇ ಇರಲಿ, ಬರೆದ ಕಿಲೋಮೀಟರಿಗಿಂತ ಬೇಗ ಬದಲಿಸು.

ಭಾನುವಾರ ಗಾಡಿ ತೆಗೆದುಕೊಂಡು ಮೇಲಕ್ಕೆ ಬಾ. ಅದಕ್ಕೂ ಮುಂಚೆ ಡಿಪ್‌ಸ್ಟಿಕ್ ನೋಡಿಕೋ. ಎಣ್ಣೆ ಕಡಿಮೆಯಿದ್ದರೆ, ನೀಲಿ ಹೊಗೆ ಕಂಡರೆ ಬರಬೇಡ, ನಾನೇ ಬಸ್ಸಿನಲ್ಲಿ ಇಳಿದು ಬರುತ್ತೇನೆ. ಬರುವುದಾದರೆ ಜೇಬಿನಲ್ಲಿ ಒಂದು ಕಾಗದ, ಪೆನ್ನು ಇಟ್ಟುಕೋ. ಎಳೆತ ಹೋದ ಕೂಡಲೇ ಅಗಲವಿರುವ ಕಡೆ ಪಕ್ಕಕ್ಕೆ ನಿಲ್ಲಿಸಿ ಬರೆದುಕೋ: ಯಾವ ಗೇರು, ಎಷ್ಟು ಆರ್‌ಪಿಎಂ, ಕಾಲು ಎಷ್ಟು ಒತ್ತಿದ್ದೆ, ಕನ್ನಡಿಯಲ್ಲಿ ಹೊಗೆ ಕಂಡಿತೇ, ಕಂಡರೆ ಯಾವ ಬಣ್ಣ, ಅದಕ್ಕೂ ಮೊದಲು "ಸುಯ್" ಕೇಳಿಸಿತೇ. ಇದೆಲ್ಲ ಬರೆದಾದ ಮೇಲೆ ಕೀ ಆಫ್ ಮಾಡು. ನಿನ್ನ ಗ್ಯಾರೇಜಿನವರು ಕೋಡು ಅಳಿಸಿಕೊಡುತ್ತೇವೆ ಅಂದರೆ ಬೇಡ ಅನ್ನು. ಪಿವಿಸಿ ಮುಚ್ಚಳ ಅಟ್ಟದ ಮೇಲೆ ಎಲ್ಲೋ ಇದೆ, ಹುಡುಕಿಡುತ್ತೇನೆ.